ದೊಡ್ಡಮನೆಯ ಮೂರು ಕೋವಿ, ನಮ್ಮ ಕೇರಿಯ ಲೆಕ್ಕ



ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ವಿಷಯ ಏನಪ್ಪಾ ಅಂದ್ರೆ, ಹಳೇ ಮನೆತನದವರು ತಮ್ಮ ಕೋವಿಗಳನ್ನ ಡೀಲರ್ ಅಂಗಡೀಲಿ ಇಟ್ಟು ಮಾರೋದು. "ನಮಗೂ ಅದಕ್ಕೂ ಏನು ಸಂಬಂಧ? ನಮ್ಮ ಕೇರೀಲಿ ಯಾರ ಮನೇಲಿ ಕೋವಿ ಇತ್ತು?" ಅಂತ ಕೆಲವರು ಕೇಳ್ತೀರಿ. ಆ ಎರಡನೇ ಪ್ರಶ್ನೆ ಇದೆಯಲ್ಲ, ಅದಕ್ಕೆ ಉತ್ತರ ಹುಡುಕೋಕೇ ಇದನ್ನ ಬರೀತಿದ್ದೀನಿ.

ಮೊದಲು ಕಾನೂನು. 1959ರ ಆಯುಧ ಕಾಯ್ದೆಗೆ 2019ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಬಂತು. ಅಲ್ಲಿವರೆಗೆ ಒಬ್ಬರು ಮೂರು ಕೋವಿ ಇಟ್ಕೋಬಹುದಿತ್ತು, ಅದನ್ನ ಎರಡಕ್ಕೆ ಇಳಿಸಿದರು. ಸರ್ಕಾರ ಮೊದಲು ತಂದ ಮಸೂದೇಲಿ ಒಂದೇ ಅಂತ ಇತ್ತು. ವಿರೋಧ ಬಂದ ಮೇಲೆ ಎರಡಾಯ್ತು. ಹೆಚ್ಚಿಗೆ ಇರೋದನ್ನ ಒಂದು ವರ್ಷದೊಳಗೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ತಿರವೋ ಠೇವಣಿ ಇಡಬೇಕು ಅಂತ ಗಡುವು ಕೊಟ್ಟರು. ತಾತ ಮುತ್ತಾತನ ಕಾಲದಿಂದ ಬಂದ ಕೋವಿಯೂ ಆ ಎರಡರ ಲೆಕ್ಕದೊಳಗೇ ಬರಬೇಕು.

ಈ ಠೇವಣಿ ವ್ಯವಹಾರ ಹೆಂಗೆ ಅಂದ್ರೆ, ಕೋವಿಯನ್ನ ಅಂಗಡಿಗೆ ಒಪ್ಪಿಸ್ತಾರೆ, ಡೀಲರ್ ತನ್ನ ರಿಜಿಸ್ಟರ್‌ನಲ್ಲಿ ಕೋವಿಯ ನಂಬರು, ತಯಾರಕರ ಹೆಸರು, ಮಾಲೀಕನ ಲೈಸೆನ್ಸ್ ನಂಬರು ಬರ್ಕೊಂಡು ರಸೀದಿ ಕೊಡ್ತಾನೆ. ಕೋವಿ ಅಂಗಡಿಯಲ್ಲಿದ್ದರೂ ಅದರ ಒಡೆತನ ಮಾಲೀಕನದೇ. ಲೈಸೆನ್ಸ್ ಇರೋ ಗಿರಾಕಿ ಸಿಕ್ಕಿದಾಗ ಮಾರಿ, ಡೀಲರ್ ತನ್ನ ಕಮಿಷನ್ ಹಿಡಿದು ಉಳಿದದ್ದನ್ನ ಮಾಲೀಕನಿಗೆ ಕೊಡ್ತಾನೆ. ಕಾಯ್ದೆಯ 21ನೇ ಕಲಮು ಇದನ್ನ ಸ್ಪಷ್ಟವಾಗಿ ಹೇಳುತ್ತೆ: ಠೇವಣಿ ಇಟ್ಟವನು, ಅವನು ಸತ್ತರೆ ಅವನ ವಾರಸುದಾರ, ಅದನ್ನ ಮಾರಿಸಿ ಹಣ ಪಡೆಯೋ ಹಕ್ಕುಳ್ಳವನು. ಅವಧಿ ಮೀರಿದರೆ ಮಾತ್ರ ಸರ್ಕಾರಕ್ಕೆ ಮುಟ್ಟುಗೋಲು. ಡೀಲರ್ ಅಲ್ಲದೆ ನೇರವಾಗಿ ಇನ್ನೊಬ್ಬರಿಗೆ ಮಾರೋದಾದರೆ 5ನೇ ಕಲಮಿನ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿ, ಕೊಳ್ಳೋನ ಹೆಸರು ವಿಳಾಸ ಕೊಟ್ಟು, 45 ದಿನ ಕಾಯಬೇಕು.

1980ರ ದಶಕದ ನಡುವಿಂದ ಸಾಮಾನ್ಯರಿಗೆ ಹೊರದೇಶದ ಕೋವಿ ತರಿಸೋದು ಬಂದ್ ಆಗಿದೆ. ಹಂಗಾಗಿ ಈ ದೇಶದೊಳಗೆ ಮೊದಲೇ ಬಂದು ಸೇರಿದ್ದ ಇಂಗ್ಲೆಂಡ್ ಕೋವಿಗಳಿಗೆ ಇವತ್ತಿಗೂ ಬೆಲೆ ಇಳಿದಿಲ್ಲ. ವೆಬ್ಲಿ, ಗ್ರೀನರ್, ಹಾಲೆಂಡ್ ಅಂಡ್ ಹಾಲೆಂಡ್ ಅಂತ ನಳಿಗೆ ಮೇಲೆ ಹೆಸರಿದ್ದರೆ ಕೇಳೋರು ಇದ್ದೇ ಇರ್ತಾರೆ.

ನಾನು ಆಫೀಸಿನಲ್ಲಿ ಗುಮಾಸ್ತ. ಅರ್ಜಿ ಬರೆಯೋದರಲ್ಲಿ ನಮ್ಮ ಸೀಮೇಲಿ ನನಗೊಂದಿಷ್ಟು ಹೆಸರಿದೆ. 2020ರ ಕೊನೆಯಲ್ಲಿ, ಗಡುವು ಮುಗಿಯೋಕೆ ಇನ್ನೇನು ಕೆಲವೇ ದಿನ ಇದ್ದಾಗ, ನಮ್ಮ ಪಕ್ಕದೂರಿನ ದೊಡ್ಡಮನೆಯ ಗೌಡರು ಹೇಳಿಕಳಿಸಿದರು. ಮೂರು ಕೋವಿ ಇದ್ದವು. ಒಂದು ಜೋಡಿನಳಿಗೆ, ಒಂದು ರೈಫಲ್, ಒಂದು ರಿವಾಲ್ವರ್. ಮಕ್ಕಳಿಬ್ಬರೂ ಬೆಂಗಳೂರಲ್ಲಿ, ಯಾರಿಗೂ ಬೇಡ. ಒಂದನ್ನ ಮಾತ್ರ ಕೊಡೋ ಬದಲು ಮೂರನ್ನೂ ಡೀಲರ್ ಹತ್ತಿರ ಇಟ್ಟು ಮಾರಿಸೋಣ ಅಂತ ತೀರ್ಮಾನ ಮಾಡಿದ್ದರು.

ಗೌಡರು ಕೆಟ್ಟೋರಲ್ಲ. ಕುರ್ಚಿ ಹಾಕಿಸಿದರು, ಕಾಫಿ ಕೊಟ್ಟರು. ಜೋಡಿನಳಿಗೆ ಮೇಲೆ ಕೈಯಾಡಿಸ್ತಾ, "ನಮ್ ತಾತನ್ ಕಾಲದ್ದು ಕಣಪ್ಪ ಇದು. ಮನೆ ಮರ್ಯಾದೆ. ಯಾರ್ ಯಾರ್ ಕೈಗೋ ಹೋಗ್ಬಾರ್ದು, ಒಳ್ಳೆ ಕಡೆ ಹೋಗ್ಲಿ ಅಂತ ಸೇರಿಸಿ ಬರಿ" ಅಂದ್ರು.

"ಗೌಡ್ರೇ, ಅದಕ್ಕೆ ಫಾರಂನಲ್ಲಿ ಜಾಗ ಇಲ್ಲ" ಅಂದೆ.

ಫಾರಂನಲ್ಲಿ ಜಾಗ ಇದ್ದದ್ದು ನಳಿಗೆ ಮೇಲಿನ ನಂಬರಿಗೆ, ತಯಾರಕರ ಹೆಸರಿಗೆ, ಬೋರ್ ಎಷ್ಟು ಅನ್ನೋದಕ್ಕೆ. ಬರೀತಾ ಬರೀತಾ ನನ್ನ ತಾತ ನೆನಪಾದರು. ಆ ಜೋಡಿನಳಿಗೆ ಶಿಕಾರಿಗೆ ಹೊರಟಾಗ ಅದರ ಮುಂದೆ ತಮಟೆ ಬಡ್ಕೊಂಡು ಪೊದೆಗೆ ನುಗ್ಗಿ ಹಂದಿ ಎಬ್ಬಿಸ್ತಿದ್ದವರು ನಮ್ಮ ಕೇರಿಯೋರು, ಅವರಲ್ಲಿ ನಮ್ಮ ತಾತನೂ ಒಬ್ಬರು. ಹಂದಿ ತಿರುಗಿ ಬಿದ್ದರೆ ಮೊದಲು ಸಿಗೋದು ತಮಟೆಯವನೇ. ಕೋವಿ ಹೊತ್ತು ನಡೆದದ್ದುಂಟು, ಎಣ್ಣೆ ಹಾಕಿ ಒರೆಸಿದ್ದುಂಟು, ಆದರೆ ಗುಂಡಿ ಒತ್ತಿದ್ದಿಲ್ಲ. ಆ ಕೋವಿ ಯಾವ ಕಂಪನಿಯದ್ದು, ಯಾವ ನಂಬರಿನದ್ದು, ಯಾವ ವರ್ಷ ಯಾರ ಹೆಸರಿಗೆ ಬಂತು ಅನ್ನೋದಕ್ಕೆಲ್ಲ ಸರ್ಕಾರದ ಕಡತ ಇದೆ. ತಮಟೆ ಬಡಿದವರ ಹೆಸರು ಯಾವ ಕಡತದಲ್ಲೂ ಇಲ್ಲ.

ಇದು ಬರೀ ನಮ್ಮೂರಿನ ಕಥೆ ಆಗಿದ್ದರೆ ಬಿಡಬಹುದಿತ್ತು. ಲೈಸೆನ್ಸ್ ಅನ್ನೋದು ಸರ್ಕಾರ ಒಬ್ಬನ ಮೇಲೆ ಇಟ್ಟ ನಂಬಿಕೆಯ ಚೀಟಿ. ಆ ಚೀಟಿ ಯಾರಿಗೆ ಸಿಕ್ತು, ಯಾರಿಗೆ ಸಿಗಲಿಲ್ಲ ಅನ್ನೋದಕ್ಕೆ 160 ವರ್ಷಕ್ಕೂ ಮೀರಿದ ಚರಿತ್ರೆ ಇದೆ.

1857ರ ದಂಗೆಯಾದ ತಕ್ಷಣ ಬ್ರಿಟಿಷರು ಆಯುಧ ಒಪ್ಪಿಸಿ ಅಂತ ಕಾನೂನು ತಂದರು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾಗಿದ್ದವರಿಗೆ ಆಯುಧ ಕೊಡೋದು ಅಂದ್ರೆ ಕೈ ಕತ್ತರಿಸಿ ಕೊಟ್ಟಂಗೆ. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರ್‌ನಲ್ಲಿ ಹಿಡಿದವರನ್ನ ಗಲ್ಲಿಗೆ ಹಾಕಿದರು. ಲಾವಣಿ ಹಾಡೋರು ಆ ಕಥೆಯನ್ನ ಇವತ್ತಿಗೂ ಉಳಿಸಿದ್ದಾರೆ.

ಅದಾಗಿ ನಾಲ್ಕೇ ವರ್ಷಕ್ಕೆ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡಗಿನವರಿಗೆ ಈ ನಿಶ್ಶಸ್ತ್ರ ಕಾನೂನಿನಿಂದ ವಿನಾಯಿತಿ ಸಿಕ್ತು. ನಿಷ್ಠಾವಂತರು, ವೀರರು ಅನ್ನೋದು ಕಾರಣ. ಆ ವಿನಾಯಿತಿ ಇನ್ನೂ ಮುಗಿದಿಲ್ಲ. ಕೊಡವ ಜನಾಂಗದವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟೂ ಅದನ್ನ ಎತ್ತಿಹಿಡಿಯಿತು. ಕೊಡವ ಬಂಧುಗಳ ಮೇಲೆ ನನಗೆ ದ್ವೇಷ ಇಲ್ಲ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸೋದು ಅವರ ಸಂಸ್ಕೃತಿ. ನನ್ನ ಪ್ರಶ್ನೆ ಇಷ್ಟೇ: ಅದೇ ಮಣ್ಣಿನಲ್ಲಿ ಗದ್ದೆ ಗೇಯ್ದ ಯರವರು, ಪಣಿಯರು, ಹೊಲೆಯರು ಈ ನಂಬಿಕೆಯ ಲೆಕ್ಕದಲ್ಲಿ ಎಲ್ಲಿದ್ದಾರೆ? ಜಮ್ಮಾ ಭೂಮಿ ಇಲ್ಲದವನಿಗೆ ಆ ವಿನಾಯಿತಿಯೂ ಇಲ್ಲ. ಹಲಗಲಿಯವರ ಧೈರ್ಯಕ್ಕೆ ಗಲ್ಲು, ಇನ್ನೊಬ್ಬರ ಧೈರ್ಯಕ್ಕೆ ವಿನಾಯಿತಿ. ಧೈರ್ಯ ಎರಡು ಕಡೆಯೂ ಒಂದೇ, ಸರ್ಕಾರ ನೋಡಿದ ಕಣ್ಣು ಬೇರೆ.

1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದ ಆಯುಧ ಕಾಯ್ದೆ ಬಂತು. ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ. ರಾಜರು, ಬಿರುದು ಬಾವಲಿ ಇದ್ದವರಿಗೂ ವಿನಾಯಿತಿ ಸಿಗ್ತಾ ಹೋಯ್ತು. ದೊಡ್ಡಮನೆಗಳ ಗೋಡೆ ಮೇಲೆ ಇಂಗ್ಲೆಂಡ್ ಕೋವಿ ಏರಿದ್ದು ಈ ಕಾಲದಲ್ಲಿ.

ನಮ್ಮವರಿಗೆ ಕೋವಿ ಹಿಡಿಯೋಕೆ ಬರ್ತಿರಲಿಲ್ಲವಾ? 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಕೋವಿ ಹಿಡಿದು ನಿಂತವರು ಯಾರು? ಅಲ್ಲಿನ ಸ್ತಂಭದ ಮೇಲೆ "ನಾಕ" ಅಂತ ಕೊನೆಯಾಗೋ ಹೆಸರುಗಳನ್ನ ಹೋಗಿ ಓದಿ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು. ಆದರೆ 1890ರ ದಶಕದ ಮೊದಲಲ್ಲಿ "ಯೋಧ ಜನಾಂಗ" ಅನ್ನೋ ಸಿದ್ಧಾಂತ ಹಿಡಿದು ಮಹಾರರ ಭರ್ತಿಯನ್ನೇ ನಿಲ್ಲಿಸಿದರು. ನಿವೃತ್ತ ಸೈನಿಕ ಗೋಪಾಲ್ ಬಾಬಾ ವಲಂಗಕರ್ 1894ರಲ್ಲಿ ಇದರ ವಿರುದ್ಧ ಅರ್ಜಿ ಬರೆದರು. ಮೊದಲ ಮಹಾಯುದ್ಧದಲ್ಲಿ ಜನ ಬೇಕಾದಾಗ 1917ರಲ್ಲಿ 111ನೇ ಮಹಾರ್ಸ್ ಕಟ್ಟಿದರು, ಯುದ್ಧ ಮುಗಿದ ಮೇಲೆ ಅದನ್ನೂ ಬರ್ಖಾಸ್ತು ಮಾಡಿದರು. ಮತ್ತೆ ಮಹಾರ್ ರೆಜಿಮೆಂಟ್ ಎದ್ದದ್ದು 1941ರಲ್ಲಿ, ಅದರ ಹಿಂದೆ ಬಾಬಾಸಾಹೇಬರ ಒತ್ತಾಯ ಇತ್ತು. ಅಂದ್ರೆ ಸಾಯೋಕೆ ಬೇಕಾದಾಗ ನಮ್ಮ ಕೈಗೆ ಕೋವಿ, ಕೆಲಸ ಮುಗಿದ ಮೇಲೆ ವಾಪಸ್.

ಇಷ್ಟಾದರೂ ಬಾಬಾಸಾಹೇಬರು ಎಲ್ಲರ ಕೈಗೂ ಕೋವಿ ಕೊಡಿ ಅನ್ನಲಿಲ್ಲ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಹೆಚ್. ವಿ. ಕಾಮತ್ ಅವರು ಆಯುಧ ಹೊಂದೋದನ್ನ ಮೂಲಭೂತ ಹಕ್ಕು ಮಾಡಿ ಅಂತ ತಿದ್ದುಪಡಿ ತಂದಾಗ ಬಾಬಾಸಾಹೇಬರು ಒಪ್ಪಲಿಲ್ಲ. ನಾನೂ ಅವರ ದಾರಿಯವನೇ. ನನ್ನ ಮಗನ ಕೈಗೆ ಪುಸ್ತಕ ಬೇಕು, ಕೋವಿ ಬೇಡ. ಹೇಳಬೇಕಾದ್ದು ಬೇರೆ ಇದೆ.

1959ರ ಕಾಯ್ದೆಯ 14ನೇ ಕಲಮಿನಲ್ಲಿ ಒಂದು ಸಾಲಿದೆ: ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸಬಾರದು. ಕಾನೂನಿನಲ್ಲಿ ಇಂಥ ಸಾಲು ಸುಮ್ಮನೆ ಬರಲ್ಲ. ಆಸ್ತಿ ನೋಡಿ ಕೊಡೋ ಚಾಳಿ ಇದ್ದದ್ದಕ್ಕೇ ಬಂದದ್ದು. ಅದೇ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ನಾಡಬಂದೂಕಿನ ಲೈಸೆನ್ಸಿಗೆ ದಾರಿ ಮಾಡಿಕೊಡುತ್ತೆ. ಸರಿ ಸ್ವಾಮಿ, ಬೆಳೆ ಕಾಯೋಕೆ ಮೊದಲು ಬೆಳೆ ಇರಬೇಕು, ಬೆಳೆಗೆ ಭೂಮಿ ಇರಬೇಕು. ಇನ್ನೊಬ್ಬರ ಹೊಲದಲ್ಲಿ ಅಟ್ಟಣೆ ಕಟ್ಟಿ ರಾತ್ರಿಯೆಲ್ಲಾ ಕೂಗಿ ಹಂದಿ ಓಡಿಸ್ತಿದ್ದ ನಮ್ಮವನಿಗೆ ಆಗಲೂ ತಮಟೆಯೇ ಗತಿ.

ಗೋಡೆಗೆ ತೂಗುಹಾಕಿದ ಕೋವಿ ಸಿಡಿಯದೇನೂ ಕೆಲಸ ಮಾಡ್ತದೆ. ಕೂಲಿ ಜಾಸ್ತಿ ಕೇಳೋಕೆ ಹೋದವನ ಕಣ್ಣಿಗೆ ಮೊದಲು ಬೀಳೋದು ಅದು. ಇನ್ನು ಸಿಡಿದ ಕಡೆ ಏನಾಯ್ತು? 1977ರ ಮೇ 27ರಂದು ಬಿಹಾರದ ಬೆಲ್ಚಿಯಲ್ಲಿ 11 ಜನರನ್ನ ಗುಂಡು ಹೊಡೆದು ಸುಟ್ಟರು, ಅವರಲ್ಲಿ 8 ಜನ ದಲಿತರು. 1997ರ ಡಿಸೆಂಬರ್ 1ರ ರಾತ್ರಿ ಲಕ್ಷ್ಮಣಪುರ ಬಾಥೆಯಲ್ಲಿ ರಣವೀರ ಸೇನೆ 58 ಜನರನ್ನ ಕೊಂದಿತು, ಹೆಂಗಸರು ಮಕ್ಕಳು ಸೇರಿ. 2013ರಲ್ಲಿ ಪಾಟ್ನಾ ಹೈಕೋರ್ಟ್, ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯಾಗಿದ್ದ 26 ಜನರನ್ನೂ ಬಿಡುಗಡೆ ಮಾಡಿತು. ನಮ್ಮ ರಾಜ್ಯದ ಕಂಬಾಲಪಲ್ಲಿಯಲ್ಲಿ 2000ರ ಮಾರ್ಚ್ 11ರಂದು ಕೋವಿಯ ಅಗತ್ಯವೂ ಬೀಳಲಿಲ್ಲ, 7 ಜನ ದಲಿತರನ್ನ ಜೀವಂತ ಸುಟ್ಟರು.

ಈಗ ಎಲ್ಲರೂ ಓದಲೇಬೇಕಾದ ವಿಷಯ. 1989ರ ದೌರ್ಜನ್ಯ ತಡೆ ಕಾಯ್ದೆ ನಮಗೆಲ್ಲ ಗೊತ್ತು. ಅದರ 1995ರ ನಿಯಮಗಳನ್ನ ಓದಿದವರು ಕಮ್ಮಿ. ನಿಯಮ 3(1) ಹೇಳೋದು ಕೇಳಿ. ದೌರ್ಜನ್ಯ ನಡೆಯಬಹುದಾದ ಪ್ರದೇಶಗಳನ್ನ ರಾಜ್ಯ ಸರ್ಕಾರ ಮೊದಲೇ ಗುರುತಿಸಬೇಕು. ಅಗತ್ಯ ಕಂಡರೆ ಅಲ್ಲಿ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವರ, ಅವರ ಹತ್ತಿರದ ಸಂಬಂಧಿಗಳ, ಆಳುಗಳ, ಕುಟುಂಬದ ಸ್ನೇಹಿತರ ಕೋವಿ ಲೈಸೆನ್ಸ್ ರದ್ದು ಮಾಡಿ, ಆ ಆಯುಧಗಳನ್ನ ಸರ್ಕಾರಿ ಶಸ್ತ್ರಾಗಾರದಲ್ಲಿ ಇಡಿಸಬೇಕು. ಅಕ್ರಮ ಆಯುಧ ಜಪ್ತಿ ಮಾಡಬೇಕು. ಅಗತ್ಯ ಕಂಡರೆ ನಮ್ಮವರ ಪ್ರಾಣ, ಆಸ್ತಿ ರಕ್ಷಣೆಗೆ ನಮ್ಮವರಿಗೇ ಲೈಸೆನ್ಸ್ ಕೊಡಬೇಕು.

ಬಾಥೆ ಹತ್ಯಾಕಾಂಡ ಆಗೋಕೆ ಎರಡು ವರ್ಷ ಮೊದಲೇ ಈ ನಿಯಮ ಪುಸ್ತಕದಲ್ಲಿತ್ತು.

"ಅಗತ್ಯ ಕಂಡರೆ" ಅನ್ನೋ ಎರಡು ಪದ ನೋಡಿ. ಯಾರಿಗೆ ಕಾಣಬೇಕು? ಚುನಾವಣೆ ಬಂದ ಕೂಡಲೇ ಡಿಸಿ ಆಫೀಸಿನಿಂದ ಆದೇಶ ಹೊರಡ್ತದೆ, ಲೈಸೆನ್ಸ್ ಇರೋ ಕೋವಿಗಳನ್ನ ಠಾಣೆಗೆ ಒಪ್ಪಿಸಿ ಅಂತ. ರೈತರು, ಗೌಡರು, ತೋಟದ ಸಾಹುಕಾರರು ಸಾಲಾಗಿ ನಿಂತು ಕೊಟ್ಟು ರಸೀದಿ ತಗೊಳ್ತಾರೆ. ವೋಟಿನ ಪೆಟ್ಟಿಗೆ ಕಾಯೋಕೆ ಜಿಲ್ಲೆಯ ಕೋವಿಗಳು ಕೆಲವೇ ವಾರದಲ್ಲಿ ಠಾಣೆ ಸೇರಬಲ್ಲವು. ಬಹಿಷ್ಕಾರ ಹಾಕಿದ ಊರಿನ ಕೇರಿ ಕಾಯೋಕೆ ಅದೇ ಕೆಲಸ ಯಾಕೆ ಆಗಬಾರದು? ಠಾಣೆಯೂ ಅದೇ, ರಸೀದಿ ಪುಸ್ತಕವೂ ಅದೇ, ಡಿಸಿಯೂ ಅವರೇ.

ಗೌಡರ ಮೂರು ಕೋವಿಯೂ ಒಂದಲ್ಲ ಒಂದು ದಿನ ಮಾರಾಟ ಆಗ್ತವೆ. ಹಣ ಅವರ ಖಾತೆಗೆ ಹೋಗ್ತದೆ, ಅದು ಅವರ ಹಕ್ಕು, ನನಗೇನೂ ತಕರಾರಿಲ್ಲ. ನನ್ನ ಕಳಕಳಿ ಆ ರಿಜಿಸ್ಟರುಗಳದ್ದು. ಡಿಸಿ ಆಫೀಸುಗಳ ಹಳೇ ಲೈಸೆನ್ಸ್ ರಿಜಿಸ್ಟರ್, ಠಾಣೆಯ ಠೇವಣಿ ಪುಸ್ತಕ, ಡೀಲರ್ ಅಂಗಡಿಯ ಲೆಡ್ಜರ್, ಇವೆಲ್ಲ ನಮಗೆ ಚರಿತ್ರೆಯ ದಾಖಲೆ. ಯಾವ ಊರಲ್ಲಿ, ಯಾವ ಕಾಲದಲ್ಲಿ, ಯಾರ ಮನೆಗೆ ಕೋವಿ ಇತ್ತು ಅನ್ನೋದನ್ನ ಹೆಸರು ಸಮೇತ ಹೇಳೋ ಪುಸ್ತಕ ಇನ್ನೊಂದಿಲ್ಲ. ಎಲ್ಲ ಕಂಪ್ಯೂಟರಿಗೆ ಹೋಯ್ತು ಅಂತ ಅವು ರದ್ದಿಗೆ ಬೀಳೋ ಮುಂಚೆ ಪತ್ರಾಗಾರಕ್ಕೆ ಸೇರಬೇಕು. ನಮ್ಮ ಹುಡುಗ ಹುಡುಗಿಯರು ಪಿಎಚ್‌ಡಿಗೆ ವಿಷಯ ಹುಡುಕ್ತಿದ್ದರೆ ಇದನ್ನ ತಗೊಳ್ಳಿ. ಜೊತೆಗೆ ನಿಮ್ಮ ಕೇರಿಯ ಹಿರಿಯರನ್ನ ಕೂರಿಸ್ಕೊಂಡು, ಶಿಕಾರಿಗೆ ತಮಟೆ ಹೊತ್ತು ಹೋದವರು ಯಾರ್ ಯಾರು, ಯಾರಿಗೆ ಗಾಯ ಆಯ್ತು, ಯಾರು ವಾಪಸ್ ಬರಲಿಲ್ಲ ಕೇಳಿ, ಹೆಸರು ಬರೆದಿಡಿ.

ಇನ್ನೊಂದು ಕೆಲಸ ಇದೇ ತಿಂಗಳು ಮಾಡಬಹುದು. ಪ್ರತಿ ಜಿಲ್ಲೆಯಲ್ಲೂ ಡಿಸಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇದೆ, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿಗೆ ಹೋಗೋ ಸಂಗಾತಿಗಳು ಮೂರು ಪ್ರಶ್ನೆ ಕೇಳಿ. ನಿಯಮ 3ರ ಪ್ರಕಾರ ಈ ಜಿಲ್ಲೆಯಲ್ಲಿ ಗುರುತಿಸಿದ ಊರುಗಳು ಯಾವುವು? 1995ರಿಂದ ಇಲ್ಲಿವರೆಗೆ ಆ ನಿಯಮದಡಿ ಎಷ್ಟು ಲೈಸೆನ್ಸ್ ರದ್ದಾಗಿವೆ? ನಮ್ಮವರು ರಕ್ಷಣೆಗೆ ಹಾಕಿದ ಅರ್ಜಿಗಳು ಎಷ್ಟು, ಮಂಜೂರಾದದ್ದು ಎಷ್ಟು? ಸದಸ್ಯರಲ್ಲದವರು ಇದೇ ಮೂರನ್ನ ಮಾಹಿತಿ ಹಕ್ಕಿನಲ್ಲಿ ಹಾಕಿ.

ಬಾಯಿ ಮಾತಲ್ಲಿ ಕೇಳಬೇಡಿ. ಎರಡು ಪ್ರತಿ ಮಾಡಿ, ಒಂದನ್ನ ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು, ಸಹಿ ಹಾಕಿಸ್ಕೊಂಡೇ ಹೊರಗೆ ಬನ್ನಿ. ಅರ್ಜಿ ಬರೆಯೋಕೆ ತೊಡಕಾದರೆ ಇನ್‌ಬಾಕ್ಸಿಗೆ ಬನ್ನಿ, ಬರ್ಕೊಡ್ತೀನಿ.

ಜೈಭೀಮ್.