ಹೆಸರಿಲ್ಲದ ಚಿತ್ರಗಾರ

ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಅಂಚಿನಲ್ಲಿ ಹರಿಯುವ ತುಂಗಭದ್ರೆಗೆ ನೀರು ಬರುವುದು ಮಲೆನಾಡಿನ ಕಾಡಿನಿಂದ. ಆ ಕಾಡು ಬೋಳಾದರೆ ನಮ್ಮ ಬಯಲುಸೀಮೆಯ ಹೊಳೆಯೂ ಬಡವಾಗುತ್ತದೆ. ಕಾಡನ್ನು ಉಳಿಸಬೇಕೆಂಬ ಮಾತು ಸರಕಾರದ ಕಿವಿಗೆ ಬಿದ್ದ ಚರಿತ್ರೆಯಲ್ಲಿ ಒಬ್ಬ ಚಿತ್ರಗಾರನೂ ಇದ್ದಾನೆ. ಅವನ ಹೆಸರು ಮಾತ್ರ ಉಳಿದಿಲ್ಲ.

1840ರ ದಶಕದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯ ಶಿವಮೊಗ್ಗದಲ್ಲಿದ್ದ. ಗಿಡಮರಗಳ ಅಭ್ಯಾಸ ಅವನ ಹುಚ್ಚು. ಒಣಗಿಸಿಟ್ಟ ಹೂವಿನಲ್ಲಿ ಬಣ್ಣ ನಿಲ್ಲುವುದಿಲ್ಲ, ಆಕಾರವೂ ಕೆಡುತ್ತದೆ. ಅದಕ್ಕೆಂದೇ ಮರಾಠಿ ಚಿತ್ರಗಾರನೊಬ್ಬನನ್ನು ನೇಮಿಸಿಕೊಂಡು ದಿನಕ್ಕೊಂದು ಗಿಡದಂತೆ ಚಿತ್ರ ಬರೆಸಿದ. ಇಲ್ಲಿ ಅಂದವೊಂದೇ ಸಾಲದು. ಎಸಳೆಷ್ಟು, ಕೇಸರ ಎಲ್ಲಿಂದ ಹುಟ್ಟಿದೆ, ಎಲೆಗಳ ಜೋಡಣೆ ಹೇಗೆ ಎಂಬುದೆಲ್ಲ ತಪ್ಪಿಲ್ಲದೆ ಮೂಡಬೇಕು. ವಿಜ್ಞಾನಿಯ ಪ್ರಶ್ನೆಗೆ ಕುಂಚ ಉತ್ತರಿಸಬೇಕು.

1851ರಲ್ಲಿ ಕ್ಲೆಗ್‌ಹಾರ್ನ್ ಮತ್ತು ಸಂಗಡಿಗರು ಉಷ್ಣವಲಯದ ಕಾಡುಗಳ ನಾಶದ ಪರಿಣಾಮಗಳ ಬಗ್ಗೆ ಬ್ರಿಟಿಷ್ ವಿಜ್ಞಾನಿಗಳ ಸಂಘಕ್ಕೆ ವರದಿ ಕೊಟ್ಟರು. 1856ರಲ್ಲಿ ಆತ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ. ಕೂಡ್ಲಿಗಿ, ಕೊಟ್ಟೂರುಗಳನ್ನೊಳಗೊಂಡ ಬಳ್ಳಾರಿ ಜಿಲ್ಲೆ ಆಗ ಆ ಪ್ರಾಂತಕ್ಕೇ ಸೇರಿತ್ತು. ಚಿತ್ರಗಳಿಂದಲೇ ಕಾನೂನು ಹುಟ್ಟಿತೆಂದಲ್ಲ. ಆದರೆ ಕಾಡನ್ನು ಗಿಡಗಿಡವಾಗಿ ಗುರುತಿಸಲಾರದವನು ಕಳೆದುಹೋದದ್ದನ್ನು ಹೇಗೆ ಲೆಕ್ಕ ಹಾಕಿಯಾನು? ಕಾನೂನು ಬಂದಾಗ ಕುಮರಿ ಬೇಸಾಯದ ಬಡವರ ಮೇಲೂ ಅದರ ಏಟು ಬಿತ್ತು ಎಂಬುದನ್ನು ಮರೆಯಬಾರದು.

ಕ್ಲೆಗ್‌ಹಾರ್ನ್ ಸಂಗ್ರಹಿಸಿದ ಚಿತ್ರಗಳು ಇಂದು ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ. ಸಂಗ್ರಹಕ್ಕೆ ಆತನ ಹೆಸರಿದೆ, ಬರೆದವನಿಗಿಲ್ಲ. ಹೀಗೇ ಆಗಬೇಕೆಂದೇನೂ ಇರಲಿಲ್ಲ. ಹಕ್ಕಿ, ಹೂಗಳ ಚಿತ್ರ ಬರೆದ ಉಸ್ತಾದ್ ಮನ್ಸೂರನಿಗೆ ಬಾದಶಹ ಜಹಾಂಗೀರ್ 'ನಾದಿರುಲ್ ಅಸ್ರ್', ಅಂದರೆ ಯುಗದ ಅಪೂರ್ವ, ಎಂಬ ಬಿರುದು ಕೊಟ್ಟಿದ್ದ. ಮದ್ರಾಸಿನ ಸಸ್ಯವಿಜ್ಞಾನಿ ರಾಬರ್ಟ್ ವೈಟ್ ತನ್ನ ಚಿತ್ರಗಾರ ಗೋವಿಂದುವಿನ ಹೆಸರನ್ನು ಒಂದು ಆರ್ಕಿಡ್ ಕುಲಕ್ಕೇ ಇಟ್ಟ.

ಈ ಕೂಡುಕೆಲಸ ಕಡಲಿಗೂ ಉಪಕಾರ ಮಾಡಿದೆ. ಗುಜರಾತ್ ತೀರದಲ್ಲಿ ತಿಮಿಂಗಿಲ ಶಾರ್ಕ್‌ಗಳ ಬೇಟೆಯನ್ನು ಮೈಕ್ ಪಾಂಡೆ 2000ದಲ್ಲಿ ಚಿತ್ರವಾಗಿಸಿದರು. 2001ರಲ್ಲಿ ಆ ಮೀನಿಗೆ ವನ್ಯಜೀವಿ ಕಾಯಿದೆಯ ರಕ್ಷಣೆ ದೊರೆಯಿತು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸರ್ ತಾಣವಾಯಿತು. ಅಲ್ಲಿ ಹಕ್ಕಿಗಳನ್ನು ಎಣಿಸುವವರ ಜೊತೆ ಬರೆಯುವವರೂ ಕೂರಲಿ. ಚಿತ್ರದ ಕೆಳಗೆ ಹಕ್ಕಿಯ ಹೆಸರಿನೊಂದಿಗೆ ಬರೆದವರ ಹೆಸರೂ ಇರಲಿ.