ಹೊನ್ನೆ: ನೀರಿಗೆ ನೀಲಿ ಹೊಳಪು ಕೊಡುವ ಮರ

ವೈಜ್ಞಾನಿಕ ಹೆಸರು: ಟೆರೋಕಾರ್ಪಸ್ ಮಾರ್ಸುಪಿಯಂ

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಭಾಗದ ಭದ್ರಾ ಕಾಡಿನಲ್ಲಿ ಹೊನ್ನೆ ಬೆಳೆಯುತ್ತದೆ. ತೊಗಟೆಗೆ ಗಾಯವಾದರೆ ಕೆಂಪು ರಸ ಒಸರುತ್ತದೆ. ಚೇಗಿನ ಚಕ್ಕೆ ನೆನೆಸಿದ ನೀರು ಹಳದಿಗಂದು ಬಣ್ಣಕ್ಕೆ ತಿರುಗುತ್ತದೆ. ಬಿಸಿಲಿಗೆ ಹಿಡಿದರೆ ಅದರಲ್ಲೇ ನೀಲಿ ಹೊಳಪು ಕಾಣುತ್ತದೆ. ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಸೂಸುವ ಈ ಗುಣವೇ ಪ್ರತಿದೀಪ್ತಿ.

ಸೂಕ್ಷ್ಮದರ್ಶಕದಡಿ

ಇದೇ ಪ್ರತಿದೀಪ್ತಿ ಜೀವಕೋಶದೊಳಗೆ ನೋಡಲೂ ನೆರವಾಗುತ್ತದೆ. ಜೀವಕೋಶದ ಹೆಚ್ಚಿನ ಪ್ರೋಟೀನ್‌ಗಳಿಗೆ ಬಣ್ಣವಿಲ್ಲದ ಕಾರಣ ಅವನ್ನು ಗುರುತಿಸುವುದು ಕಷ್ಟ. 1941ರಲ್ಲಿ ವಿಜ್ಞಾನಿ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಪ್ರತಿಕಾಯಗಳಿಗೆ ಪ್ರತಿದೀಪ್ತ ಬಣ್ಣ ಜೋಡಿಸಿದರು. ಪ್ರತಿಕಾಯ ತನಗೆ ಹೊಂದುವ ಅಣುವಿಗೆ ಅಂಟುತ್ತದೆ. ಬಣ್ಣ ಆ ಜಾಗವನ್ನು ತೋರಿಸುತ್ತದೆ. ಫ್ಲೋರೆಸೀನ್ ಎಂಬ ಬಣ್ಣ ನೀಲಿ ಬೆಳಕು ಹೀರಿ ಹಸಿರು ಸೂಸುತ್ತದೆ. ಶೋಧಕವು ನೀಲಿಯನ್ನು ತಡೆಯುವುದರಿಂದ ಕಪ್ಪು ಹಿನ್ನೆಲೆಯಲ್ಲಿ ಹಸಿರಷ್ಟೇ ಕಾಣುತ್ತದೆ.

ಹೊನ್ನೆ ಅಪಾಯದಂಚಿಗೆ ಸರಿಯುತ್ತಿರುವ ಮರ. ದಯವಿಟ್ಟು ತೊಗಟೆ ಕೆತ್ತಬೇಡಿ.