ಭುಜದ ಹಿಂದಿನ ವಾಲ್ವ್

ಕಳೆದ ತಿಂಗಳು ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, "ಸಾರ್, ವಿಮಾನವನ್ನು ಮನೆಯಲ್ಲಿಯೇ ಕಟ್ಟಿ ಹಾರಿಸುವವರು ಇದ್ದಾರಂತೆ, ನಿಜವೇ?" ಎಂದು ಕೇಳಿದ. ನಿಜವೇ ಹೌದು. ಆದರೆ ಅಷ್ಟು ಹೇಳಿ ಸುಮ್ಮನಾಗಲು ಈ ಹಳೆಯ ಮೇಷ್ಟರ ಮನಸ್ಸು ಒಪ್ಪಲಿಲ್ಲ. ಅವನಿಗೆ ಅಂದು ಹೇಳಿದ್ದನ್ನೇ ನಿಮ್ಮೆಲ್ಲರಿಗೂ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಇದು ಹಳೆಯ ಹವ್ಯಾಸ. 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಇಂಥ ಹವ್ಯಾಸಿಗಳ ಸಂಘವೊಂದನ್ನು ಸ್ಥಾಪಿಸಿದರು. ವಿಮಾನದ ಬಹುಪಾಲು ಕೆಲಸವನ್ನು ಹವ್ಯಾಸಿಗಳೇ ತಮ್ಮ ಶಿಕ್ಷಣಕ್ಕಾಗಿ ಅಥವಾ ಮನರಂಜನೆಗಾಗಿ ಮಾಡಿರಬೇಕು ಎಂಬುದು ಅಲ್ಲಿಯ ನಿಯಮ. 'ಶಿಕ್ಷಣ' ಎಂಬ ಶಬ್ದವು ನಿಯಮದಲ್ಲಿಯೇ ಇರುವುದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈ ಹವ್ಯಾಸಿಗಳಿಗೆ ಹೊಸ ದಾರಿ ತೋರಿದವರು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಕಾರ್ಯಾಗಾರ ನಡೆಸುತ್ತಿದ್ದ ಎಂಜಿನಿಯರ್ ಬರ್ಟ್ ರುಟಾನ್. ಅವರ 'ವೇರಿ-ಈಜಿ' 1975ರಲ್ಲಿಯೂ 'ಲಾಂಗ್-ಈಜಿ' 1979ರ ಜೂನ್‌ನಲ್ಲಿಯೂ ಮೊದಲ ಬಾರಿಗೆ ಹಾರಿದವು. ಎರಡರಲ್ಲಿಯೂ ಒಬ್ಬರ ಹಿಂದೆ ಒಬ್ಬರಂತೆ ಇಬ್ಬರಿಗೆ ಮಾತ್ರ ಆಸನ. ಎಂಜಿನ್ ಮತ್ತು ಪ್ರೊಪೆಲ್ಲರ್ ಹಿಂಭಾಗದಲ್ಲಿ. ಮೂತಿಯ ಬಳಿ ಒಂದು ಪುಟ್ಟ ರೆಕ್ಕೆ. ವೇಗ ತೀರಾ ಕುಗ್ಗಿದಾಗ ಮುಂದಿನ ಈ ಪುಟ್ಟ ರೆಕ್ಕೆಯೇ ಮೊದಲು ಎತ್ತುವ ಬಲವನ್ನು ಕಳೆದುಕೊಳ್ಳುತ್ತದೆ. ಮೂತಿ ತಾನಾಗಿ ತಗ್ಗಿ, ವಿಮಾನವು ಮತ್ತೆ ವೇಗ ಪಡೆಯುತ್ತದೆ. ಕಾದ ತಂತಿಯಿಂದ ಫೋಮ್ ಕತ್ತರಿಸಿ, ಅದರ ಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸಿ, ಎಪಾಕ್ಸಿ ಬಳಿದರೆ ರೆಕ್ಕೆ ಸಿದ್ಧ. ರುಟಾನ್ ಮಾರುತ್ತಿದ್ದುದು ವಿಮಾನವನ್ನಲ್ಲ, ಅದರ ನಕ್ಷೆಗಳನ್ನು. 1985ರಲ್ಲಿ ಅದನ್ನೂ ನಿಲ್ಲಿಸಿದರು. ಅಷ್ಟರೊಳಗೆ ನೂರಾರು ಮಂದಿ ತಮ್ಮ ಗ್ಯಾರೇಜುಗಳಲ್ಲಿ ಕೆಲಸ ಆರಂಭಿಸಿ ಆಗಿತ್ತು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರೂ 1980ರ ದಶಕದಲ್ಲಿ ಲಾಂಗ್-ಈಜಿಯನ್ನು ಆಧರಿಸಿ ಒಂದು ಸಂಶೋಧನಾ ವಿಮಾನವನ್ನು ಕಟ್ಟಿದರು. ಅವರದೇ ಎರಡು ಆಸನಗಳ 'ಹಂಸ' 1993ರಲ್ಲಿ ಹಾರಿತು.

ಇನ್ನು ನಾನು ಹೇಳಹೊರಟ ಮುಖ್ಯ ಸಂಗತಿ. 1997ರ ಅಕ್ಟೋಬರ್ 12ರಂದು ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಮೇಲೆ ಒಬ್ಬರೇ ಲಾಂಗ್-ಈಜಿ ಹಾರಿಸುತ್ತಿದ್ದಾಗ ವಿಮಾನವು ನೀರಿಗೆ ಬಿದ್ದು ಮೃತಪಟ್ಟರು. ಅವರಿಗೆ 2,700 ಗಂಟೆಗಳಿಗೂ ಮಿಕ್ಕ ಹಾರಾಟದ ಅನುಭವವಿತ್ತು. ಈ ವಿಮಾನ ಮಾತ್ರ ಹೊಸದು. ಅದನ್ನು ಅವರು ಕಟ್ಟಿರಲಿಲ್ಲ, ಕೊಂಡಿದ್ದರು. ಎಡ ಟ್ಯಾಂಕಿನಿಂದ ಬಲ ಟ್ಯಾಂಕಿಗೆ ಇಂಧನವನ್ನು ಬದಲಿಸುವ ವಾಲ್ವ್ ರುಟಾನರ ನಕ್ಷೆಯ ಪ್ರಕಾರ ಚಾಲಕನ ಕಾಲುಗಳ ನಡುವೆ ಇರಬೇಕು. ಕಟ್ಟಿದವನು ಅದನ್ನು ಚಾಲಕನ ಎಡಭುಜದ ಹಿಂದೆ ಇಟ್ಟಿದ್ದ. ಇಂಧನದ ಕೊಳವೆಗಳು ಚಾಲಕನ ಬಳಿ ಬಾರದಿರಲಿ ಎಂಬುದು ಅವನ ಉದ್ದೇಶವಾಗಿತ್ತು. ಉದ್ದೇಶವೇನೋ ಒಳ್ಳೆಯದೇ. ಆದರೆ ಆ ವಾಲ್ವ್ ತಿರುಗಿಸಲು ಚಾಲಕ ಬಲಗೈಯನ್ನು ಭುಜದ ಮೇಲಿನಿಂದ ಹಿಂದಕ್ಕೆ ಚಾಚಿ ಮೈ ಹೊರಳಿಸಬೇಕು. ಹೊರಳುವಾಗ ಬಲಗಾಲು ತನಗರಿಯದೆ ರಡ್ಡರ್ ಪೆಡಲನ್ನು ಒತ್ತುತ್ತದೆ. ಟ್ಯಾಂಕಿನಲ್ಲಿ ಇಂಧನ ಕಡಮೆಯಿತ್ತು, ತುಂಬಿಸಿಕೊಂಡಿರಲಿಲ್ಲ. ವಾಲ್ವ್ ತಿರುಗಿಸಲು ಹೋಗಿ ವಿಮಾನದ ಹತೋಟಿ ತಪ್ಪಿತೆಂದು ತನಿಖಾಧಿಕಾರಿಗಳು ತೀರ್ಮಾನಿಸಿದರು. ಚಾಲಕನ ಸಿದ್ಧತೆಯ ಕೊರತೆಯನ್ನೂ, ವಾಲ್ವ್ ಇದ್ದ ಸ್ಥಳವನ್ನೂ ಅವರ ವರದಿ ಎತ್ತಿ ಹೇಳಿದೆ.

ಇದನ್ನು ಓದಿದಾಗ ನನಗೆ ನನ್ನದೇ ಒಂದು ಕೆಲಸ ನೆನಪಾಯಿತು. ಒಂದು ಶಾಲೆಯಲ್ಲಿ, ಮಕ್ಕಳ ಕೈಗೆ ಸಿಗಬಾರದೆಂದು ಪ್ರಯೋಗಶಾಲೆಯ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ನಾನು ಬೀರುವಿನ ಹಿಂದಕ್ಕೆ ಹಾಕಿಸಿದ್ದೆ. ವರ್ಷಗಟ್ಟಲೆ ಏನೂ ಆಗಲಿಲ್ಲ. ಸ್ವಿಚ್ ಎಲ್ಲಿದೆಯೆಂದು ನನಗೆ ಗೊತ್ತಿತ್ತಲ್ಲ! ನಾನು ವರ್ಗವಾಗಿ ಹೋದ ಮೇಲೆ ಒಂದು ದಿನ ತಂತಿಯಿಂದ ಹೊಗೆ ಬಂದಿದೆ. ನನ್ನ ಸ್ಥಾನಕ್ಕೆ ಬಂದಿದ್ದ ಅಧ್ಯಾಪಕರು ಮಕ್ಕಳನ್ನು ಹೊರಗೆ ಕಳುಹಿಸಿ, ಸ್ವಿಚ್ಚಿಗಾಗಿ ಗೋಡೆಗೋಡೆ ತಡಕಿದರಂತೆ. ಯಾರಿಗೂ ಅಪಾಯವಾಗಲಿಲ್ಲ. ಮುಂದೆ ಒಂದು ಮದುವೆಯಲ್ಲಿ ಭೇಟಿಯಾದಾಗ ಅವರು ಅದನ್ನು ನಗುತ್ತಲೇ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ.

ನಿಮ್ಮಲ್ಲಿ ಅನೇಕರು ಇಂದು ಎಂಜಿನಿಯರುಗಳು. ಮನೆ ಕಟ್ಟಿಸುವವರೂ ಇದ್ದೀರಿ, ಯಂತ್ರಗಳನ್ನು ರೂಪಿಸುವವರೂ ಇದ್ದೀರಿ. ನಕ್ಷೆಯನ್ನು ಬದಲಿಸಬಾರದೆಂದು ನಾನು ಹೇಳುವುದಿಲ್ಲ. ರುಟಾನರೂ ಹಳೆಯ ನಕ್ಷೆಗಳನ್ನು ಬದಲಿಸಿಯೇ ಮುಂದೆ ಬಂದವರು. ಬದಲಿಸುವಾಗ, ನಿಮ್ಮ ಪರಿಚಯವೇ ಇಲ್ಲದ ಒಬ್ಬ ಮನುಷ್ಯ ಮುಂದೊಂದು ದಿನ ಅವಸರದಲ್ಲಿ ಅದರ ಮೇಲೆ ಕೈಯಿಡುತ್ತಾನೆ ಎಂಬುದನ್ನು ನೆನೆದುಕೊಳ್ಳಿ. ಕೈಗೆಟಕುವಂತೆ ಇಡಿ, ಅದರ ಮೇಲೆ ಹೆಸರು ಬರೆಯಿರಿ.